ಮೀಸೆಗಾಗಿ ಕಾದ ಕಲ್ಲು

"ಗುರುಗಳೇ, ಹೆಸರಾಂತ ಮನೆತನದಲ್ಲಿ ಹುಟ್ಟಿದವನೊಬ್ಬ ಆ ಮನೆತನದ ನೆರಳೇ ಬೀಳದ ಊರಿನಲ್ಲಿ, ಕೆಳಗಿನ ಮೆಟ್ಟಿಲಿನಿಂದ ರಾಜಕೀಯ ಶುರುಮಾಡಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತಿದ್ದ?"

ಕರಿಬಸವಯ್ಯ ಮಠದ ಜಗಲಿ ಹತ್ತುವ ಮೊದಲೇ ಈ ಪ್ರಶ್ನೆ ಕೇಳಿದ. ಪೇಟೆಗೆ ಹೋಗಿ ತಲೆ ಬೋಳಿಸಿಕೊಂಡು ಆಗಷ್ಟೇ ಬಂದಿದ್ದ. ಒಂದು ಕಾಲು ಮೊಣಕಾಲಿನವರೆಗೆ ಕೆಸರಾಗಿತ್ತು. ಹಣೆಯ ವಿಭೂತಿಯ ನಡುವೆ ಹೊಸದಾಗಿ ಇಟ್ಟ ಕುಂಕುಮವಿತ್ತು. ಚುನಾವಣೆಯಲ್ಲಿ ಸೋತ ಯಾವುದೋ ದೊಡ್ಡ ಮನೆಯ ಮೊಮ್ಮಗನ ಬಗ್ಗೆ ಕ್ಷೌರದಂಗಡಿಯಲ್ಲಿ ಭಾರೀ ಚರ್ಚೆ ನಡೆದಿತ್ತು. ಇವನೂ ಅದರಲ್ಲಿ ಸೇರಿಕೊಂಡು, ತನ್ನ ಸರದಿ ಮುಗಿಯುವಷ್ಟರಲ್ಲಿ ಅವನನ್ನು ಮಾತಿನಲ್ಲೇ ಕಂದಾಯ ಮಂತ್ರಿ ಮಾಡಿ ಎದ್ದುಬಂದಿದ್ದ. ಮುಂದೇನಾಗುತ್ತಿತ್ತು ಎಂಬುದು ತಿಳಿಯದೆ ದಾರಿಯುದ್ದಕ್ಕೂ ಒದ್ದಾಡಿದ್ದ.

ಗುರುಗಳು ಅವನ ಕಾಲು ನೋಡಿದರು. ಹಣೆ ನೋಡಿದರು. ಕೂತುಕೋ ಎಂದು ಕೈ ತೋರಿಸಿ, ಕತೆ ಹೇಳತೊಡಗಿದರು.

ಒಂದು ನಾಡಿನಲ್ಲಿ ಒಂದು ದೊಡ್ಡ ಮನೆತನವಿತ್ತು. ಅಜ್ಜ ಆ ನಾಡನ್ನು ಆಳಿದ್ದ. ಅಪ್ಪ ಆಳುವವರ ಪಕ್ಕದಲ್ಲಿ ಕೂತಿದ್ದ. ಮೊಮ್ಮಗನ ಪಾಲಿಗೆ ಬಂದದ್ದು ಅಜ್ಜನ ಮೀಸೆ. ಅದು ಅಂತಿಂಥ ಮೀಸೆಯಲ್ಲ. ಎರಡು ತುದಿಯೂ ಮೇಲಕ್ಕೆ ತಿರುಗಿ ಕಣ್ಣಿನ ಯೋಗಕ್ಷೇಮ ವಿಚಾರಿಸುತ್ತಿದ್ದವು. ಅಜ್ಜನ ಮುಖ ಮರೆತವರಿಗೂ ಅವನ ಮೀಸೆ ನೆನಪಿತ್ತು. ಮೊಮ್ಮಗನ ತುಟಿಯ ಮೇಲೆ ಕೂದಲು ಮೂಡಿದ್ದೇ ತಡ, ಮನೆಯವರು ಹರಳೆಣ್ಣೆ ಹಚ್ಚಿ, ತಿರುವಿ, ಅವನನ್ನು ಅಜ್ಜನ ಪಟದ ಪಕ್ಕ ನಿಲ್ಲಿಸಿ ನೋಡಿದರು. ಸರಿಯಾಗಿದೆ ಎಂದರು. ಅವನ ರಾಜಕೀಯ ಅಂದೇ ಶುರುವಾಯಿತು.

ಅವನು ಚುನಾವಣೆಗೆ ನಿಂತ. ಜನ ಹಿಂಡುಹಿಂಡಾಗಿ ಬಂದು ಮೀಸೆ ನೋಡಿದರು, ಕೈಮುಗಿದರು, ಮನೆಗೆ ಹೋಗಿ ಬೇರೆಯವನಿಗೆ ಮತ ಹಾಕಿದರು. ಅವನು ಸೋತ. ಇನ್ನೊಮ್ಮೆ ನಿಂತು ಇನ್ನೊಮ್ಮೆ ಸೋತ.

ಪಾಪ, ಆಸಾಮಿ ಕೆಟ್ಟವನೇನಲ್ಲ. ಸೋಲಿಗಿಂತ ಅವನನ್ನು ಸುಡುತ್ತಿದ್ದದ್ದು ಬೇರೆ ಸಂಗತಿ. ಆ ಸೋಲು ಕೂಡ ಅವನದಾಗಿರಲಿಲ್ಲ. "ದೊಡ್ಡವರ ಮೊಮ್ಮಗ ಸೋತ" ಎಂದೇ ಎಲ್ಲರೂ ಆಡಿಕೊಂಡರು. ಗೆದ್ದಿದ್ದರೆ ಅಜ್ಜನೇ ಗೆಲ್ಲುತ್ತಿದ್ದ. ಒಂದೇ ಒಂದು ಸಲ ಯಾರಾದರೂ ಅಜ್ಜನನ್ನು ನೆನೆಯದೆ, ನೀನು ಬೇಕಪ್ಪಾ ಎಂದು ತನ್ನನ್ನು ಕರೆಯಬೇಕು. ಅವನ ಆಸೆ ಅಷ್ಟೇ ಇತ್ತು. ಅದಕ್ಕಾಗಿ ಅವನು ಏನನ್ನು ಬೇಕಾದರೂ ಬಿಡಲು ಸಿದ್ಧ ಎಂದುಕೊಂಡಿದ್ದ.

ಸೋತ ಮುಖ ತನ್ನೂರಿನಲ್ಲಿ ತೋರಿಸಲು ನಾಚಿಕೆಯಾಗಿ, ತಲೆಗೂ ಮುಖಕ್ಕೂ ವಸ್ತ್ರ ಸುತ್ತಿಕೊಂಡು ದೂರದ ಊರೊಂದಕ್ಕೆ ಕ್ಷೌರಕ್ಕೆ ಹೋದ. ಮಾತಿನ ಭರದಲ್ಲಿದ್ದ ಕ್ಷೌರಿಕ ತಲೆ ಎತ್ತಿ ನೋಡುವ ಗೋಜಿಗೆ ಹೋಗಲಿಲ್ಲ. ಕುರ್ಚಿಯಲ್ಲಿ ಒರಗಿಸಿ, ಮೂಗಿನಿಂದ ಗಂಟಲಿನವರೆಗೆ ನೊರೆ ಬಳಿದ. ಮೀಸೆ ನೊರೆಯೊಳಗೆ ಮುಳುಗಿತು.

ಬೆಂಚಿನ ಮೇಲೆ ಒಬ್ಬ ವ್ಯಾಪಾರಿ, ಒಬ್ಬ ಮೇಷ್ಟ್ರು ಕೂತಿದ್ದರು. ಮಾತು ಇವನದೇ ನಡೆದಿತ್ತು.

"ಆ ಮೀಸೆ ಹುಡ್ಗ ಒಳ್ಳೇವ್ನೇ ಕಣ್ರೀ. ಆ ಮನೇಲಿ ಹುಟ್ಟಿ ಕೆಟ್ಟ" ಎಂದ ವ್ಯಾಪಾರಿ.

"ನಮ್ಮೂರಲ್ಲಿ ಹುಟ್ಟಿ, ನಮ್ಮ ವಾರ್ಡಿಗೇ ನಿಂತಿದ್ರೆ?" ಎಂದ ಕ್ಷೌರಿಕ. ಕತ್ತಿ ಗಾಳಿಯಲ್ಲೇ ನಿಂತಿತು.

ಅಲ್ಲಿಂದ ಮಾತಿಗೆ ಕಾಲು ಬಂತು. ಅಂಗಡಿಯ ಮುಂದೆ ಒಂದು ಮೋರಿ ಬಾಯಿ ತೆರೆದುಕೊಂಡಿತ್ತು. ಅದರ ಮೇಲಿದ್ದ ಕಲ್ಲುಚಪ್ಪಡಿ ಯಾವಾಗಲೋ ಜಾರಿ ಪಕ್ಕಕ್ಕೆ ಬಿದ್ದಿತ್ತು. ಊರೆಲ್ಲ ಮೋರಿ ಹಾರಿಕೊಂಡು ಓಡಾಡುತ್ತಿತ್ತು. ಆ ಹುಡುಗ ಇಲ್ಲಿ ಇದ್ದಿದ್ದರೆ ಮೊದಲು ಆ ಚಪ್ಪಡಿ ಎತ್ತಿ ಮೋರಿಗೆ ಹಾಕುತ್ತಿದ್ದ ಎಂದರು ಮೇಷ್ಟ್ರು. ಯಾರೂ ಎದುರಾಡಲಿಲ್ಲ. ಆ ಒಂದು ಚಪ್ಪಡಿಯ ಪುಣ್ಯದಿಂದ ಅವನನ್ನು ಪುರಸಭೆಯ ಅಧ್ಯಕ್ಷನನ್ನಾಗಿ ಮಾಡಿದರು. ಅಧ್ಯಕ್ಷನಾದವನು ಸುಮ್ಮನಿರುತ್ತಾನೆಯೇ? ಕೆರೆ ಹೂಳೆತ್ತಿಸಿದ. ಸ್ವಂತ ಪಕ್ಷದವರ ಕಣ್ಣು ಕೆಂಪಾಯಿತು. ಅವನು ರಾಜೀನಾಮೆ ಬಿಸಾಡಿದ. ರಾಜೀನಾಮೆಯ ಸನ್ನಿವೇಶದಲ್ಲಿ ವ್ಯಾಪಾರಿ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ನೊರೆಯೊಳಗಿದ್ದವನಿಗೂ ದುಃಖ ತಡೆಯಲಾಗಲಿಲ್ಲ. ತನಗೆ ಇಷ್ಟು ಸ್ವಾಭಿಮಾನವಿರಬಹುದು ಎಂದು ಅವನು ಅಂದುಕೊಂಡೇ ಇರಲಿಲ್ಲ.

ಗಡ್ಡ ಮುಗಿಯಿತು. ಅವನಿನ್ನೂ ಮಂತ್ರಿಯಾಗಿರಲಿಲ್ಲ. ರಾಜಭವನದ ಮೆಟ್ಟಿಲ ಮೇಲಿದ್ದ.

"ಮೀಸೆ ಇರ್ಲಾ, ತೆಗೀಲಾ?" ಎಂದು ಕ್ಷೌರಿಕ ಕೇಳಿದ.

ಇರಲಿ ಎಂದರೆ ನೊರೆ ಒರೆಸುತ್ತಾನೆ. ಒರೆಸಿದರೆ ಮೀಸೆ ಕಾಣುತ್ತದೆ. ಕಂಡರೆ ಎಲ್ಲರೂ ಎದ್ದು ನಿಂತು ಕೈಮುಗಿಯುತ್ತಾರೆ, ಕತೆ ಅಲ್ಲಿಗೇ ನಿಲ್ಲುತ್ತದೆ. ಪ್ರಮಾಣವಚನ ಬಾಕಿಯಿತ್ತು.

"ತೆಗಿ" ಎಂದ.

ಅಜ್ಜನ ಮೀಸೆ ಉದುರಿತು. ಅವನು ಮಂತ್ರಿಯಾದ. ಮುಖ್ಯಮಂತ್ರಿಯಾಗುವವರೆಗೂ ಕೂತಿರಬೇಕಲ್ಲ ಎಂದು ತಲೆಯನ್ನೂ ಕೊಟ್ಟ. ಎದ್ದಾಗ ಕನ್ನಡಿಯಲ್ಲಿ ಕಂಡವನನ್ನು ಅವನೇ ಗುರುತು ಹಿಡಿಯಲಿಲ್ಲ. ಬೆಂಚಿನವರು ಕಾಲು ಪಕ್ಕಕ್ಕೆ ತೆಗೆದು ದಾರಿ ಬಿಟ್ಟರು, ಅಷ್ಟೇ. ಹುಟ್ಟಿದಾರಭ್ಯ ಮೊದಲ ಸಲ ಯಾರೂ ಅವನ ಮೇಲ್ದುಟಿ ನೋಡಲಿಲ್ಲ. ಅವನು ಆನಂದದಿಂದ ಬಾಗಿಲು ದಾಟಿದ.

ಹೊರಗೆ ಮೋರಿಯ ಪಕ್ಕ ಒಬ್ಬ ಮುದುಕಿ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ನಿಂತಿದ್ದಳು. ಹಾರುವ ವಯಸ್ಸಲ್ಲ. ಗಡಿಗೆ ದಾಟಿಸಿಕೊಡಿ ಎಂದು ದಿನವೂ ಹೋಗುವವರು ಬರುವವರನ್ನು ಬೇಡುತ್ತಿದ್ದಳು. ಹಿಂದಿನ ದಿನ ಯಾವನೋ ದಾಟಿಸಲು ಹೋಗಿ ಗಡಿಗೆಯನ್ನು ಮೋರಿಗೆ ಬೀಳಿಸಿದ್ದ. ಮೊಸರು ಮಾರಿದರೆ ಮಾತ್ರ ಅವಳ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಅವಳನ್ನು ಕಂಡು ನಮ್ಮ ಮೊಮ್ಮಗನಿಗೆ ಮಾತು ಉಕ್ಕಿ ಬಂತು. ಅವನಿನ್ನೂ ಮುಖ್ಯಮಂತ್ರಿಯ ಗುಂಗಿನಲ್ಲಿದ್ದ.

"ಅಮ್ಮಾ, ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ಈ ಊರಲ್ಲಿ ನಾನು ಇದ್ದಿದ್ರೆ ಈ ಚಪ್ಪಡಿ ಯಾವತ್ತೋ ಮೋರಿ ಮೇಲೆ ಇರ್ತಿತ್ತು."

"ಈಗ ಇದೀಯಲ್ಲಪ್ಪ" ಎಂದಳು ಮುದುಕಿ. "ಆ ತುದಿ ಹಿಡ್ಕೋ. ಈ ತುದಿ ನಾನು ಹಿಡೀತೀನಿ."

ಗಡಿಗೆ ಇಳಿಸಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವನೂ ಬಗ್ಗಿದ. ಕೈ ಕಲ್ಲಿಗೆ ತಾಗಿತು. ಇಬ್ಬರು ಸೇರಿದರೆ ಏಳದಷ್ಟು ಭಾರವೇನೂ ಇರಲಿಲ್ಲ. ಆಗ ಅವನಿಗೊಂದು ಯೋಚನೆ ಬಂತು. ಈಗ ಎತ್ತಿದರೆ ಎತ್ತಿದವನು ಯಾರು? ಯಾವನೋ ಬೋಳುತಲೆಯವನು. ನಾಳೆ ಬೆಂಚಿನ ಮೇಲೆ ಕೂತವರು ಯಾರ ಹೆಸರು ಹೇಳಬೇಕು? ತಾನು ತಾನಾಗಿಯೇ ಬೇಕಾಗಬೇಕು ಎಂದು ಹಂಬಲಿಸಿದವನನ್ನು ಅಜ್ಜನ ಹೆಸರೆತ್ತದೆ ಒಬ್ಬಳು ಕರೆದಿದ್ದಳು. ಅದು ಅವನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ಅವನು ಮೇಲ್ದುಟಿ ಮುಟ್ಟಿ ನೋಡಿಕೊಂಡ.

"ಇರಮ್ಮ, ಬಂದೆ" ಎಂದು ಹೊರಟುಹೋದ.

ಅವಸರಕ್ಕೆ ಮರೆಗೆ ಹೋಗಿರಬೇಕು ಎಂದುಕೊಂಡು ಮುದುಕಿ ತನ್ನ ತುದಿ ಹಿಡಿದೇ ಕಾದಳು. ಬಿಸಿಲೇರಿದ ಮೇಲೆ ಬಿಟ್ಟಳು.

ಅವನು ಊರಿಗೆ ಹೋಗಿ ಹರಳೆಣ್ಣೆ ಹಚ್ಚಿಕೊಂಡು ಕೂತ. ಮೀಸೆಗೆ ಜನಸೇವೆಯ ಅವಸರ ಇರುವುದಿಲ್ಲ. ಅದು ತನ್ನ ಗತಿಯಲ್ಲೇ ಬೆಳೆಯಿತು. ತುದಿ ತಿರುವಲು ಬಂದ ದಿನ ಅವನು ಡೊಳ್ಳು ಬಡಿಸಿಕೊಂಡು, ಛತ್ರಿ ಹಿಡಿಸಿಕೊಂಡು ಆ ಊರಿಗೆ ಬಂದ. ನೇರ ಮೋರಿಯ ಹತ್ತಿರ ನಡೆದು, ಪಂಚೆ ಎತ್ತಿ ಕಟ್ಟಿ ಬಗ್ಗಿದ. ಈ ಸಲ ನಿಜವಾಗಿಯೂ ಎತ್ತುವ ಮನಸ್ಸು ಅವನಿಗಿತ್ತು. ಅದನ್ನು ಇಲ್ಲವೆನ್ನಬಾರದು.

"ಉಂಟೇ ಬುದ್ಧಿ? ಆ ಮನೆಯೋರು ತಾವು ಕಲ್ಲು ಮುಟ್ಟೋದಾ?" ಎಂದು ಕ್ಷೌರಿಕನೇ ಓಡಿಬಂದು ಕೈ ಹಿಡಿದುಕೊಂಡ. ವ್ಯಾಪಾರಿ ಕುರ್ಚಿ ತಂದ. ಶುಭಕಾರ್ಯ ಎಂದಮೇಲೆ ಪೂಜೆಯಿಲ್ಲದೆ ಆಗುತ್ತದೆಯೇ ಎಂದರು ಮೇಷ್ಟ್ರು. ಚಪ್ಪಡಿಯನ್ನು ತೊಳೆದರು. ಅರಿಶಿನ ಬಳಿದರು, ಕುಂಕುಮ ಇಟ್ಟರು, ಮೊಮ್ಮಗನಿಗೆ ಹಾಕಿ ಉಳಿದ ಹಾರವನ್ನು ಅದಕ್ಕೆ ಹಾಕಿದರು, ಕಾಯಿ ಒಡೆದರು. ಆಮೇಲೆ ಭಾಷಣ. ಎಲ್ಲರೂ ಅಜ್ಜನನ್ನು ಹೊಗಳಿದರು. ಊಟದ ಹೊತ್ತಾಯಿತು. ಎಲ್ಲರೂ ಎದ್ದರು. ಕಲ್ಲು ಎತ್ತುವುದಕ್ಕೆ ನಾಳೆ ಆಳು ಕಳಿಸುತ್ತೇವೆ ಎಂದರು.

ಮಾರನೆಯ ದಿನ ಆಳುಗಳು ಬಂದರು. ಅರಿಶಿನ ಕುಂಕುಮ ನೋಡಿದರು. ಮೆಟ್ಟು ಕಳಚಿ ದೂರ ನಿಂತರು. ಪೂಜೆಯಾದ ಕಲ್ಲನ್ನು ಮೋರಿಗೆ ಹಾಕಿ ಕಾಲಲ್ಲಿ ತುಳಿಯುವುದೇ? ನಮ್ಮ ಕೈಲಿ ಆಗುವುದಿಲ್ಲ ಎಂದು ಹಿಂದಿರುಗಿದರು. ಸಂಜೆಗೆ ಯಾರೋ ಅದರ ಮುಂದೆ ದೀಪ ಹಚ್ಚಿದರು. ಅಂದಿನಿಂದ ಜನ ಮೊದಲು ಕಲ್ಲಿಗೆ ಕೈಮುಗಿದು, ಅದರ ಕುಂಕುಮ ಹಣೆಗಿಟ್ಟು, ಆಮೇಲೆ ಮೋರಿ ಹಾರುತ್ತಾರೆ. ಮುದುಕಿ ಕೆರೆ ಏರಿಯ ಮೇಲೆ ಸುತ್ತಿ ಹೋಗತೊಡಗಿದಳು. ಅವಳು ಪೇಟೆ ಮುಟ್ಟುವಷ್ಟರಲ್ಲಿ ಮೊಸರು ಹುಳಿಯಾಗುತ್ತಿತ್ತು. ಕೊಳ್ಳುವವರು ಮೂಗು ಮುರಿದರು. ಕೆಲವು ಕಾಲದ ಮೇಲೆ ಅವಳು ಬರುವುದನ್ನೇ ಬಿಟ್ಟಳು.

ಮೊಮ್ಮಗ ಮತ್ತೆ ನಿಂತ, ಮತ್ತೆ ಸೋತ. ಕ್ಷೌರದಂಗಡಿಯಲ್ಲಿ ಮಾತ್ರ ಅವನು ಇಂದಿಗೂ ಸೋತಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕರಿಬಸವಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮುದುಕಿಯ ಮಾತು ಬಂದಾಗ ಸ್ವಲ್ಪ ತಡೆದಿದ್ದ. ಮೀಸೆ ನೆನಪಾಗಿ ಮತ್ತೆ ನಕ್ಕ.

"ಎಂಥ ಜನ ಗುರುಗಳೇ! ಮೋರಿಗೆ ಹಾಕುವ ಕಲ್ಲಿಗೆ ಕುಂಕುಮ ಇಟ್ಟು ಕೂತರಲ್ಲ. ಕೊನೆಗಾದರೂ ಅದನ್ನು ಯಾರಾದರೂ ಎತ್ತಿ ಹಾಕಿದರೇ?"

ಗುರುಗಳು ಅವನ ಹಣೆ ನೋಡಿದರು. ಕಾಲು ನೋಡಿದರು.

"ನೀನು ಈಗಷ್ಟೇ ಅದಕ್ಕೆ ಕೈಮುಗಿದು ಬಂದವನು, ನೀನೇ ಹೇಳು."

ಕರಿಬಸವಯ್ಯನ ಕೈ ತಾನಾಗಿ ಹಣೆಗೆ ಹೋಯಿತು.