ಹೊಂಬಾಳಮ್ಮನ ಹೆಸರು

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ: “ಮಗಳು ಹುಟ್ಟಿದ್ದಾಳೆ. ತೀರಿಹೋದ ನನ್ನ ತಾಯಿಯ ಹೆಸರನ್ನೇ ಅವಳಿಗೆ ಇಡಬೇಕೆಂದಿದ್ದೇನೆ. ಸಂಪಿಗಮ್ಮ, ಪಚ್ಚಮ್ಮ, ಹವಳಮ್ಮ ಎಂಬಂಥ ಹೆಸರುಗಳನ್ನು ಈಗ ಯಾರು ಇಡುತ್ತಾರೆ? ಹಳೆಯ ಹೆಸರನ್ನು ಉಳಿಸುವುದು ಹೇಗೆ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ತಾಯಿಯ ಹೆಸರು ಹೊಂಬಾಳಮ್ಮ. ಆಕೆ ಬದುಕಿದ್ದಾಗ ಆ ಹೆಸರಿಗೆ ದಿನವಿಡೀ ಬಿಡುವಿರಲಿಲ್ಲ. ಬೆಳಗಾದರೆ ಮೊಸರಿನವಳು ಕೂಗುತ್ತಿದ್ದಳು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, ‘ಹೊಂಬಾಳೀ, ಒಂದು ಹಿಡಿ ಮೆಂತ್ಯ ಕೊಡೇ’ ಎನ್ನುತ್ತಿದ್ದಳು. ಆಕೆ ಹೋದಳು. ಅವಳ ಓರಗೆಯವರೂ ಒಬ್ಬೊಬ್ಬರಾಗಿ ಹೋದರು. ಆ ಹೆಸರು ಕಿವಿಗೆ ಬಿದ್ದು ಎಷ್ಟೋ ಕಾಲವಾಯಿತೆಂದು ಒಂದು ದಿನ ವರ್ತಕನಿಗೆ ಹೊಳೆಯಿತು. ಅವನು ಅಳುವ ಜಾಯಮಾನದವನಲ್ಲ. ಆದರೂ ಗಿರಾಕಿಯ ಮುಂದೆ ಬಟ್ಟೆಯ ಥಾನು ಬಿಚ್ಚುತ್ತಿದ್ದ ಕೈ ನಿಂತುಹೋಯಿತು. ಆ ಹೆಸರನ್ನು ಯಾರಾದರೂ ಇನ್ನೊಮ್ಮೆ ಕೂಗುವುದನ್ನು ಕೇಳಬೇಕು, ಅಷ್ಟೇ ಅವನ ಆಸೆ.

ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಪುರೋಹಿತರಿಂದ ಅವಳ ಕಿವಿಯಲ್ಲಿ ಹೊಂಬಾಳಮ್ಮ ಎಂದು ಹೇಳಿಸಿದ. ಹೆಂಡತಿ ತಲೆಯ ಮೇಲೆ ಕೈ ಹೊತ್ತಳು.

‘ಅತ್ತೆಯ ಹೆಸರು ಹಿಡಿದು ಕರೆಯಲೇ? ಸೊಸೆಯ ಬಾಯಲ್ಲಿ ಅದು ಬರುವುದುಂಟೇ?’

‘ನೀನು ಕರೆಯಬೇಡ. ಹೆಸರು ಉಳಿದರೆ ಸಾಕು.’

‘ಹಾಗಾದರೆ ನೀವೇ ಕರೆಯಿರಿ, ನೋಡೋಣ.’

ವರ್ತಕ ತೊಟ್ಟಿಲ ಮೇಲೆ ಬಾಗಿದ. ಹೆತ್ತವಳನ್ನು ಹೆಸರು ಹಿಡಿದು ಕರೆದು ಗೊತ್ತಿದ್ದವನಲ್ಲ. ನಾಲಿಗೆ ಏಳಲಿಲ್ಲ. ‘ಪುಟ್ಟೀ’ ಎಂದ.

ಅಂದಿನಿಂದ ಮಗು ಎಲ್ಲರಿಗೂ ಪುಟ್ಟಿಯೇ ಆಯಿತು. ದೊಡ್ಡ ಯಜಮಾನತಿಯ ಹೆಸರೆಂದು ಆಳುಕಾಳುಗಳೂ ಅದರ ತಂಟೆಗೆ ಹೋಗಲಿಲ್ಲ. ಹೊಂಬಾಳಮ್ಮ ಜಾತಕದಲ್ಲಿ ಮಡಿಯುಟ್ಟು ಕುಳಿತಳು.

ಮಗುವಿಗೆ ಐದು ವರ್ಷವಾದಾಗ, ಸಂತೆಯಲ್ಲಿ ಅದು ತಾಯಿಯ ಕೈ ತಪ್ಪಿಸಿಕೊಂಡಿತು. ವರ್ತಕ ಅಂಗಡಿ ತೆರೆದದ್ದು ತೆರೆದಂತೆಯೇ ಬಿಟ್ಟು ಓಡಿಬಂದು ಡಂಗುರದವನನ್ನು ಹಿಡಿದ.

‘ಪುಟ್ಟಿ ಎಂದು ಸಾರಿದರೆ ಅರ್ಧ ಸಂತೆ ಓಡಿಬರುತ್ತದೆ ಸ್ವಾಮಿ. ನಿಜವಾದ ಹೆಸರು ಹೇಳಿ,’ ಎಂದ ಡಂಗುರದವನು.

ವರ್ತಕ ಕಣ್ಣು ಮುಚ್ಚಿ ಹೇಳಿಬಿಟ್ಟ. ಪೇಟೆಗೆಲ್ಲ ಒಂದೇ ಆದ ಹೆಸರು, ತಪ್ಪುವ ಮಾತೇ ಇಲ್ಲವೆಂದು ಅವನ ಎಣಿಕೆ. ಮಗುವಿನ ಗುರುತು ಹೇಳುವ ಗೋಜಿಗೂ ಹೋಗಲಿಲ್ಲ.

ಡಂಗುರ ಬೀದಿ ಬೀದಿ ಸುತ್ತಿತು. ಮಗು ಒಬ್ಬ ಬಳೆಗಾರನ ಅಂಗಡಿಯ ಮುಂದೆ ಕುಳಿತಿತ್ತು. ಡಂಗುರದವನು ಅದರ ಎದುರಿಗೇ ನಿಂತು, ಹೊಂಬಾಳಮ್ಮ ಎಂಬ ಹೆಣ್ಣುಮಗು ಕಾಣೆಯಾಗಿದೆ ಎಂದು ಸಾರಿದ. ಮಗು ತಮಟೆಯನ್ನು ಕಣ್ಣರಳಿಸಿ ನೋಡಿತು, ಮತ್ತೆ ಬಳೆಗಳ ಕಡೆ ತಿರುಗಿತು.

‘ಹೊಂಬಾಳಮ್ಮ ಅಂದರೆ ನೀನೇನವ್ವಾ?’ ಎಂದ ಬಳೆಗಾರ.

‘ಅಲ್ಲಪ್ಪ. ನಾನು ಪುಟ್ಟಿ.’

‘ಹಾಗಾದರೆ ನೀನಲ್ಲ ಬಿಡು. ನಿನ್ನವರೂ ಬರುತ್ತಾರೆ, ಕೂತಿರು.’

ಡಂಗುರ ಮುಂದೆ ಹೋಯಿತು.

ಸಂತೆ ಕರಗುವ ಹೊತ್ತಿಗೆ, ಅಂಗಡಿ ಅಂಗಡಿ ಇಣುಕುತ್ತ ಬಂದ ತಾಯಿಗೆ ಮಗು ಕಂಡಿತು. ಅಷ್ಟರಲ್ಲಿ ಇಡೀ ಪೇಟೆಯೇ ಅತ್ತೆಯ ಹೆಸರನ್ನು ಕೂಗಿ ಕೂಗಿ, ಅವಳ ಕಿವಿಗೆ ಅದರ ಅಂಜಿಕೆ ಹೋಗಿತ್ತು. ಓಡಿಹೋದವಳೇ ಮಗುವಿನ ಬೆನ್ನಿಗೊಂದು ಗುದ್ದಿದಳು.

‘ಹೊಂಬಾಳೀ! ಎಲ್ಲಿ ಹಾಳಾಗಿ ಹೋಗಿದ್ದೆಯೇ, ಕೊಬ್ಬಿನವಳೇ! ಊರೆಲ್ಲ ಕೂಗಿದರೂ ಓಗೊಡಬಾರದೇನೇ, ಹೊಂಬಾಳೀ!’ ಎನ್ನುತ್ತ ಬಾಚಿ ತಬ್ಬಿಕೊಂಡು ಅತ್ತಳು.

ಹಿಂದೆಯೇ ಬಂದ ವರ್ತಕ ನಿಂತಲ್ಲೇ ನಿಂತ. ಮಗುವನ್ನು ಎತ್ತಿಕೊಳ್ಳಲು ಚಾಚಿದ ಕೈ ಹಾಗೆಯೇ ಉಳಿಯಿತು.

‘ಇನ್ನೊಂದು ಸಲ ಬೈಯೇ,’ ಎಂದು ಹೆಂಡತಿಯನ್ನು ಬೇಡಿಕೊಂಡ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು. “ಹಾಗಾದರೆ ತಾಯಿಯ ಹೆಸರನ್ನೇ ಇಡುತ್ತೇನೆ,” ಎಂದು ಎದ್ದ.

“ಇಡು. ಮೊದಲು ಮನೆಗೆ ಹೋಗಿ, ಆ ಹೆಸರು ಹಿಡಿದು ಮಗುವನ್ನು ಬೈಯಬಲ್ಲೆಯಾ ಎಂದು ನಿನ್ನ ಹೆಂಡತಿಯನ್ನು ಕೇಳು,” ಎಂದರು ಗುರುಗಳು.