ಮುತ್ತಜ್ಜನ ಭಾರ

ನಾಯಿಗಳಿಗೆ ಅಡೆತಡೆ ಓಟ ಕಲಿಸುವ ಮೈದಾನಕ್ಕೆ ನೀಲವ್ವ ತನ್ನ ಬೆರಕೆ ನಾಯಿ ಚಿಗರಿಯನ್ನು ಮೊದಲ ಸಲ ಕರೆತಂದಳು. ಅಲ್ಲಿದ್ದ ಮುಧೋಳ ಬೇಟೆನಾಯಿ ಮೂಗು ಮುರಿಯಿತು.

"ಒಂದು ಕಿವಿ ನಿಂತಿದೆ, ಇನ್ನೊಂದು ಜೋತಿದೆ. ನಿನ್ನದು ಯಾವ ವಂಶ? ನನ್ನ ಮುತ್ತಜ್ಜ ಓಡುವ ಮೊಲವನ್ನೇ ಹಿಡಿದವನು."

ಚಿಗರಿ ನಡುವಿನ ಆಧಾರದ ಮೇಲೆ ಆಚೀಚೆ ವಾಲುವ ತೂಗುಹಲಗೆ ಹತ್ತಿತು. ನಡುಭಾಗ ದಾಟುತ್ತಲೇ ಹಲಗೆ ಧಡಾರನೆ ವಾಲಿತು, ಚಿಗರಿ ಉರುಳಿಬಿತ್ತು. ಬೇಟೆನಾಯಿ ನಕ್ಕಿತು.

"ನನ್ನ ತುದಿ ನೆಲ ಮುಟ್ಟುವವರೆಗೂ ನಿಲ್ಲಬೇಕು, ಆಮೇಲೆ ಇಳಿಯಬೇಕು. ಇಷ್ಟೇ ನನ್ನ ನಿಯಮ," ಎಂದಿತು ತೂಗುಹಲಗೆ.

ಮರುದಿನದಿಂದ ನೀಲವ್ವ ಹಲಗೆಯ ತುದಿಯನ್ನು ಕೈಯಲ್ಲಿ ಹಿಡಿದು, ಮೊದಲು ಒಂದು ಗೇಣು, ಆಮೇಲೆ ಎರಡು ಗೇಣು ಇಳಿಬಿಟ್ಟಳು. "ಹೆದರಬ್ಯಾಡ, ನಾ ಅದೀನಿ," ಎನ್ನುತ್ತಿದ್ದಳು. ಒಂದು ದಿನ ಕೈಯನ್ನು ಪೂರ್ತಿ ತೆಗೆದಳು. ಚಿಗರಿ ಬೀಳಲಿಲ್ಲ.

ಸ್ಪರ್ಧೆಯ ದಿನ ಬೇಟೆನಾಯಿ ಗಾಳಿಯಂತೆ ಹಲಗೆ ಹತ್ತಿತು. ಹಲಗೆ ವಾಲುವ ಮೊದಲೇ ಮೇಲಿನಿಂದ ಹಾರಿತು. ತೀರ್ಪುಗಾರರು ತಪ್ಪೆಂದು ಕೈ ಎತ್ತಿದರು.

"ನನ್ನ ಮುತ್ತಜ್ಜ ಯಾರು ಗೊತ್ತೇ?" ಎಂದು ಬೇಟೆನಾಯಿ ಗುರುಗುಟ್ಟಿತು.

"ಸ್ವಾಮಿ, ಅವರು ನನ್ನನ್ನು ಹತ್ತಲಿಲ್ಲವಲ್ಲ," ಎಂದಿತು ಹಲಗೆ. "ನನಗೆ ತಿಳಿಯುವುದು ಹತ್ತಿದವರ ಭಾರ ಮಾತ್ರ."

ಚಿಗರಿ ಹತ್ತಿತು. ಹಲಗೆ ವಾಲಿತು. ನಾಲ್ಕೂ ಕಾಲೂರಿ ನಿಂತ ಚಿಗರಿ, ಹಲಗೆ ನೆಲ ಮುಟ್ಟಿದ ಸದ್ದು ಕೇಳಿಯೇ ಇಳಿಯಿತು.

ಬೇಟೆನಾಯಿ ಮೆಲ್ಲಗೆ ಕೇಳಿತು: "ಇದು ನಿನಗೆ ಯಾರ ಕಡೆಯಿಂದ ಬಂತು?"

ಚಿಗರಿ ತಲೆ ಎತ್ತಿತು. "ನಿಂತ ಕಿವಿ ಅವ್ವನದು, ಜೋತ ಕಿವಿ ಅಪ್ಪನದು. ಹಲಗೆಯ ಮೇಲೆ ನಿಲ್ಲುವುದನ್ನು ಮಾತ್ರ ನಾನೇ ಬಿದ್ದು ಕಲಿತೆ."