ಚರ್ಮವಿಲ್ಲದ ನಲ್ಲಿ

ಫೆಬ್ರವರಿ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಪಾಠದ ಪುಸ್ತಕವನ್ನು ತೆರೆಯುವ ಮೊದಲೇ ಶಿಷ್ಯೆ ಕುಮುದಿನಿ ಕೇಳಿದಳು:

“ಗುರುಗಳೇ, ನನ್ನ ತಂದೆಗೆ ನಾನೊಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಅದು ಸುಳ್ಳೆಂದು ಅವರಿಗೆ ತಿಳಿದುಹೋಗಿದೆಯೋ ಏನೋ ಎಂಬ ಸಂಶಯ ನನಗೆ ಬಂದಿದೆ. ಒಪ್ಪಿಕೊಂಡುಬಿಡಲೇ?”

“ಯಾವ ಸುಳ್ಳು?”

“ಅವರಿಗೆ ಕಣ್ಣು ಕಾಣಿಸುವುದಿಲ್ಲ. ಪ್ರತಿದಿನ ನಾನೇ ಪತ್ರಿಕೆ ಓದಿ ಹೇಳುತ್ತೇನೆ. ನಿಧನವಾರ್ತೆಗಳನ್ನು ಮಾತ್ರ ಬಿಟ್ಟುಬಿಡುತ್ತೇನೆ. ಅವರ ಗೆಳೆಯರಲ್ಲಿ ವೆಂಕೋಬರಾಯರು ಹೋದರು, ಶಾಮಣ್ಣನವರು ಹೋದರು. ಹೇಳಲಿಲ್ಲ. ‘ವೆಂಕೋಬ ಹೇಗಿದ್ದಾನಂತೆ?’ ಎಂದು ಕೇಳಿದರೆ ‘ಚೆನ್ನಾಗಿದ್ದಾರಂತೆ’ ಎನ್ನುತ್ತಿದ್ದೆ. ಈಗ ಆರು ತಿಂಗಳಿಂದ ಅವರು ಯಾರ ಹೆಸರನ್ನೂ ಎತ್ತುತ್ತಿಲ್ಲ.”

ಗುರುಗಳು “ಕೇಳಮ್ಮ” ಎಂದು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದನು. ಮನೆಯಲ್ಲಿ ಅವನ ತಾಯಿ ಮತ್ತು ಹೆಂಡತಿ. ತಾಯಿ ಕಟ್ಟುನಿಟ್ಟಾಗಿ ಮಡಿ ಆಚರಿಸುವವಳು. ಬಾವಿಯ ನೀರನ್ನಲ್ಲದೆ ಬೇರೆ ನೀರನ್ನು ಮುಟ್ಟುತ್ತಿರಲಿಲ್ಲ. ಒಂದು ವರ್ಷ ಬಾವಿಯ ನೀರು ಕೆಟ್ಟಿತು. ಕಾಯಿಸಿದರೂ ವಾಸನೆ ಹೋಗಲಿಲ್ಲ. ಆಗ ಊರಿನ ಮನೆಗಳಿಗೆ ನಲ್ಲಿ ಹಾಕಿಸಲು ತೊಡಗಿದ್ದ ಕಾಲ. ಬೆಳಿಗ್ಗೆಯಿಂದ ಸಂಜೆಯವರೆಗೂ ನೀರು ಬರುತ್ತಿತ್ತು, ತಿರುಪಿದರೆ ಸಾಕು. ಗೃಹಸ್ಥನು ಹಿತ್ತಿಲ ಜಗಲಿಯಲ್ಲಿ ಒಂದು ಹಿತ್ತಾಳೆಯ ನಲ್ಲಿಯನ್ನು ಹಾಕಿಸಿದನು. ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಇಟ್ಟಳು. ತಾಯಿ ಹತ್ತಿರ ಬರಲಿಲ್ಲ.

“ಅದರೊಳಗೆ ಚರ್ಮದ ಬಿಲ್ಲೆ ಇರುತ್ತದಂತೆ. ಚರ್ಮ ತೊಳೆದ ನೀರನ್ನು ನಾನು ಕುಡಿಯಲಾರೆ. ನನ್ನ ತಮ್ಮನ ಮನೆಯಲ್ಲಿ ಒಳ್ಳೆಯ ಬಾವಿಯಿದೆ. ನನ್ನನ್ನು ಅಲ್ಲಿಗೆ ಕಳಿಸಿಬಿಡಪ್ಪ” ಎಂದಳು.

ತಮ್ಮನ ಊರು ಎರಡು ದಿನದ ಪ್ರಯಾಣ. ಹೋದರೆ ಆಕೆ ಮರಳಿ ಬರುವವಳಲ್ಲ. ಮಗನಿಗೆ ಅದು ಗೊತ್ತಿತ್ತು.

“ಚರ್ಮವಿಲ್ಲದ ನಲ್ಲಿ ಹಾಕಿಸಿದರೆ ಇರುತ್ತೀಯಾ ಅಮ್ಮ?”

“ಹಾಕಿಸು, ನೋಡೋಣ.”

ಅವನು ನಲ್ಲಿ ಜೋಡಿಸುವವನನ್ನು ಕರೆಸಿದನು. ಆ ಮನುಷ್ಯ ನಕ್ಕುಬಿಟ್ಟನು. “ಸ್ವಾಮಿ, ತೊಗಲಿಲ್ಲದೆ ನಲ್ಲಿ ನೀರು ಹಿಡಿಯೋದಿಲ್ಲ. ಅಮ್ಮಾವ್ರು ಮೃದಂಗ ಕೇಳ್ತಾರಲ್ಲ, ಅದಕ್ಕೆ ತೊಗಲಿಲ್ಲವಾ?”

ತಾಯಿ ಒಳಗಿನಿಂದಲೇ ಹೇಳಿದಳು: “ಮೃದಂಗವನ್ನು ಯಾರೂ ಕುಡಿಯುವುದಿಲ್ಲಪ್ಪ.”

ಕಂಬಳಿಯ ತುಂಡನ್ನು ಕತ್ತರಿಸಿ ಹಾಕಿದರು. ನೀರು ಧಾರೆಯಾಗಿ ಸುರಿಯಿತು. ಮೇಣ ಬಳಿದ ಬಟ್ಟೆಯನ್ನು ಹಾಕಿದರು. ಅದು ಒಂದು ದಿನ ನಿಂತು, ಮರುದಿನ ಚೂರುಚೂರಾಗಿ ಹೊರಬಂತು. ನಾರನ್ನು ಸುತ್ತಿ ನೋಡಿದರು. ಅದೂ ಆಗಲಿಲ್ಲ. ನಾಲ್ಕನೆಯ ದಿನ ತಾಯಿ ತನ್ನ ಎರಡು ಸೀರೆಗಳನ್ನು ಮಡಿಸಿ ಗಂಟು ಕಟ್ಟಿದಳು.

ಅಂದು ಮಧ್ಯಾಹ್ನ ತಾಯಿ ಮಲಗಿದ್ದಾಗ ಗೃಹಸ್ಥನು ನಲ್ಲಿಯವನಿಗೆ ಚರ್ಮದ ಬಿಲ್ಲೆಯನ್ನೇ ಹಾಕುವಂತೆ ಹೇಳಿದನು. ಹಾಕಿದ ಕೂಡಲೇ ನೀರು ನಿಂತಿತು, ಒಂದು ಹನಿಯೂ ಬೀಳಲಿಲ್ಲ. ಅದನ್ನು ನೋಡಿ ಅವನಿಗೆ ಭಯವಾಯಿತು. ಇಷ್ಟು ಚೆನ್ನಾಗಿ ನಿಂತರೆ ತಾಯಿ ನಂಬುವುದಿಲ್ಲ. ನಲ್ಲಿಯವನು ಬಿಲ್ಲೆಯನ್ನು ಹೊರತೆಗೆದು, ಅದರ ಅಂಚಿನಲ್ಲಿ ಚಾಕುವಿನಿಂದ ಕೂದಲೆಳೆಯಷ್ಟು ಸಣ್ಣ ಕಚ್ಚು ಮಾಡಿ ಮತ್ತೆ ಕೂರಿಸಿದನು. ಎಷ್ಟು ಬಿಗಿಯಾಗಿ ತಿರುಪಿದರೂ ನಲ್ಲಿ ತೊಟ್ಟಿಕ್ಕತೊಡಗಿತು.

ತಾಯಿ ಎದ್ದು ಬಂದಳು. ಮಗ ಹೇಳಿದನು: “ಕಂಬಳಿಯ ಬಿಲ್ಲೆಯೇ ಅಮ್ಮ. ಎರಡು ಪದರ ಮಾಡಿ ಹಾಕಿಸಿದ್ದೇನೆ. ಆದರೂ ಸ್ವಲ್ಪ ತೊಟ್ಟಿಕ್ಕುತ್ತದೆ. ಸಹಿಸಿಕೊಳ್ಳಬೇಕು.”

ಆಕೆ ಬೀಳುವ ಹನಿಗಳನ್ನು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಒಂದು ತಂಬಿಗೆಯನ್ನು ತಂದು ನಲ್ಲಿಯ ಕೆಳಗಿಟ್ಟಳು. ಗಂಟನ್ನು ಬಿಚ್ಚಿದಳು.

ಆಮೇಲೆ ಹನ್ನೊಂದು ವರ್ಷ ಆಕೆ ಆ ಮನೆಯಲ್ಲಿ ಬಾಳಿದಳು. ಹಿತ್ತಿಲ ಜಗಲಿಯೇ ಅವಳ ಸ್ಥಳವಾಯಿತು. ಅಲ್ಲಿಯೇ ಕುಳಿತು ಬತ್ತಿ ಹೊಸೆಯುವಳು, ಅವರೆಕಾಳು ಸುಲಿಯುವಳು, ತಂಬಿಗೆ ತುಂಬಿದಾಗ ನೀರನ್ನು ಕೊತ್ತಂಬರಿಯ ಪಾತಿಗೆ ಹಾಕುವಳು. ಆ ಬೀದಿಯಲ್ಲಿ ಬೆಳೆದವರು ಮುದುಕರಾದ ಮೇಲೂ ಆ ಮನೆಯನ್ನು ನೆನೆದಾಗ ಮೊದಲು ಟಪ್ ಟಪ್ ಎಂಬ ಆ ಸದ್ದನ್ನೂ, ಎಲೆಯ ಮೇಲೆ ಆಕೆ ಇಟ್ಟುಕೊಡುತ್ತಿದ್ದ ಹಸಿ ಕೊತ್ತಂಬರಿಯ ಕೋಸಂಬರಿಯನ್ನೂ ನೆನೆಯುತ್ತಿದ್ದರು. ನೆರೆಮನೆಯವಳು, “ನಿಮ್ಮ ನಲ್ಲಿಗೆ ವರ್ಷವಿಡೀ ನೆಗಡಿ ಕಣ್ರೀ” ಎಂದು ಹಾಸ್ಯ ಮಾಡಿದರೆ, ಆಕೆ, “ನೆಗಡಿಯಾದರೇನು, ಮಡಿಯಲ್ಲಿದೆ” ಎನ್ನುತ್ತಿದ್ದಳು.

ಮಗ ಮಾತ್ರ ಹಿತ್ತಿಲಿಗೆ ಹೋಗುವುದನ್ನು ಬಿಟ್ಟನು. ತಾಯಿ ಆ ನೀರನ್ನು ಕುಡಿಯುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳ ಪಕ್ಕದಲ್ಲಿ ಕುಳಿತು ಊಟ ಮಾಡಿದವನು ಈಗ ನಡುಮನೆಯಲ್ಲಿಯೇ ಊಟ ಮುಗಿಸಿ, “ಕೆಲಸವಿದೆ” ಎಂದು ಎದ್ದುಹೋಗುತ್ತಿದ್ದನು.

ತಾಯಿ ತೀರಿಕೊಂಡಳು. ಹದಿಮೂರು ದಿನದ ಕರ್ಮಗಳು ಮುಗಿದವು. ನೆಂಟರು ಹೊರಟುಹೋದ ಮೇಲೆ ಗೃಹಸ್ಥನು ಹಿತ್ತಿಲಿಗೆ ಬಂದು ಜಗಲಿಯ ಮೇಲೆ ಕುಳಿತನು. ಮನೆಯಲ್ಲಿ ಸದ್ದಿರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ.

ಅವನು ಹಳೆಯ ನಲ್ಲಿಯವನನ್ನೇ ಹುಡುಕಿ ಕರೆಸಿದನು. ಅವನಿಗೂ ತಲೆ ನರೆತಿತ್ತು. ನಲ್ಲಿಯನ್ನು ಬಿಚ್ಚಿ, ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿದನು.

“ತೊಗಲು ನೀರು ಕುಡಿದು ಉಬ್ಬಿದೆ ಸ್ವಾಮಿ. ನಾನು ಮಾಡಿದ ಕಚ್ಚು ಮುಚ್ಚಿಹೋಗಿದೆ.”

“ಈಗ ಮುಚ್ಚಿತೇ?”

“ಈಗೆಲ್ಲಿ? ಹಾಕಿದ ವರ್ಷವೇ ಮುಚ್ಚಿರಬೇಕು.”

“ಹೋದ ತಿಂಗಳವರೆಗೂ ತೊಟ್ಟಿಕ್ಕುತ್ತಿತ್ತಲ್ಲ!”

“ತಿರುಪನ್ನು ಪೂರ್ತಿ ತಿರುಗಿಸದೆ ಬಿಟ್ಟರೆ ಯಾವ ನಲ್ಲಿಯೂ ತೊಟ್ಟಿಕ್ಕುತ್ತದೆ” ಎಂದು ಹೇಳಿ ಅವನು ಬಿಲ್ಲೆಯನ್ನು ಮತ್ತೆ ಕೂರಿಸಿ ಹೊರಟುಹೋದನು.

ಗೃಹಸ್ಥನು ಹೆಂಡತಿಯ ಕಡೆ ನೋಡಿದನು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಅತ್ತೆಯೇ” ಎಂದಳು. “ಮೊದಲ ವರ್ಷ ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ ಹನಿ ನಿಂತುಹೋಗಿತ್ತು. ಅವರು ಬಗ್ಗಿ ನೋಡಿದರು. ಬಿಗಿಯಾಗಿ ತಿರುಪಿದರು, ಸಡಿಲಿಸಿದರು, ಮತ್ತೆ ತಿರುಪಿದರು. ಒಳಗಿರುವುದು ಚರ್ಮವೇ ಎಂದು ಅವರಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ತಿರುಪನ್ನು ಒಂದಿಷ್ಟು ಸಡಿಲಿಸಿ, ಹನಿ ಬೀಳುವಂತೆ ಮಾಡಿ, ತಂಬಿಗೆಯನ್ನು ಸರಿಯಾಗಿಟ್ಟರು. ತಿರುಗಿದಾಗ ನನ್ನನ್ನು ಕಂಡರು. ‘ಸಾರಿಗೆ ಉಪ್ಪು ಹಾಕಿದೆಯೇನೇ?’ ಎಂದರು. ಅಷ್ಟೇ. ಅಂದಿನಿಂದ ಯಾರು ನೀರು ಹಿಡಿದುಕೊಂಡು ಹೋದರೂ ಅವರ ಹಿಂದೆಯೇ ಎದ್ದು ತಿರುಪನ್ನು ಸಡಿಲಿಸಿ ಬಂದು ಕೂರುತ್ತಿದ್ದರು.”

“ನೀನು ನನಗೇಕೆ ಹೇಳಲಿಲ್ಲ?”

“ಹೇಳಿದ್ದರೆ ಅವರಿಗೆ ತಿಳಿದಿದೆಯೆಂದು ನಿಮಗೆ ತಿಳಿಯುತ್ತಿತ್ತು. ಆಮೇಲೆ ಅವರು ಯಾವ ಮುಖದಿಂದ ಆ ನೀರನ್ನು ಕುಡಿಯಬೇಕಿತ್ತು? ಗಂಟು ಕಟ್ಟಲೇಬೇಕಾಗುತ್ತಿತ್ತು.”

ಗೃಹಸ್ಥನು ಕೇಳಿದನು: “ನನ್ನ ಮೇಲೆ ಅವಳಿಗೆ ಸಿಟ್ಟಿತ್ತೇ?”

“ನೀವು ಒಂದು ದಿನ ಹಿತ್ತಿಲಿಗೆ ಬಂದಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ‘ಇವತ್ತೂ ಕೆಲಸವಂತೇನೇ ಅವನಿಗೆ?’ ಎಂದು ದಿನವೂ ನನ್ನನ್ನು ಕೇಳುತ್ತಿದ್ದರು” ಎಂದಳು ಹೆಂಡತಿ.

ಕತೆ ಇಲ್ಲಿಗೆ ನಿಂತಿತು.

“ಹಾಗಾದರೆ ನಾನು ಒಪ್ಪಿಕೊಳ್ಳಬಾರದು, ಅಲ್ಲವೇ ಗುರುಗಳೇ?” ಎಂದು ಕುಮುದಿನಿ ಕೇಳಿದಳು.

ಗುರುಗಳು ಹೇಳಿದರು: “ಪತ್ರಿಕೆ ಓದಿ ಮುಗಿಸಿದ ಮೇಲೆ ನೀನು ತಂದೆಯ ಬಳಿ ಎಷ್ಟು ಹೊತ್ತು ಕೂರುತ್ತೀಯಮ್ಮ?”

ಅಂದು ಪಾಠ ನಡೆಯಲಿಲ್ಲ.

ನಾಳೆಯಿಂದ ನಿಧನವಾರ್ತೆಗಳನ್ನು ಎಂದಿನಂತೆ ಬಿಟ್ಟು ಓದುವುದೆಂದೂ, ಓದಿದ ಕೂಡಲೇ ಎದ್ದುಹೋಗದೆ, ವೆಂಕೋಬರಾಯರೂ ತಾವೂ ಒಂದೇ ಕೋಣೆಯಲ್ಲಿದ್ದು ಓದಿದ ದಿನಗಳನ್ನು ಹೇಳುವಂತೆ ತಂದೆಯನ್ನು ಕೇಳುವುದೆಂದೂ ಅವಳು ನಿಶ್ಚಯಿಸಿದಳು.